ಗುರುವಾರ ಸಂಜೆ ನಾವು ಮನೆಯ ಹೊರಗಿರುತ್ತೇವೆ

ಸಾರ್ವಜನಿಕ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ಹದಿಹರೆಯದ ಮಕ್ಕಳ ಆಪ್ತಸಮಾಲೋಚನೆಗೆಂದು ನಮ್ಮ ಆಸ್ಪತ್ರೆಯಲ್ಲಿದ್ದ ಒಂದೇ ಒಂದು ಕೋಣೆಯನ್ನು ತಾವು ಮುಚ್ಚಿಸಿದ್ದೀರಿ. ಇನ್ನು ಮುಂದೆ ಮಕ್ಕಳು 'ತಮ್ಮ ಮನೆಯ ನೆಮ್ಮದಿಯಲ್ಲೇ ಕುಳಿತು' ವಿಡಿಯೊ ಕರೆಯಲ್ಲಿ ಮನಸ್ಸು ಬಿಚ್ಚಿ ಮಾತನಾಡಬಹುದು ಎಂದು ಸುತ್ತೋಲೆ ಹೊರಡಿಸಿದ್ದೀರಿ. ಆ ನೆಮ್ಮದಿಯ ಮನೆ ಯಾರದ್ದು ಎಂದು ಕೇಳಲು ಈ ಪತ್ರ. ನಮ್ಮದಂತೂ ಅಲ್ಲ. ಆಸ್ಪತ್ರೆಯ ಗೋಡೆಗೆ ಅಂಟಿಸಿರುವ ನಿಮ್ಮ ಭಿತ್ತಿಚಿತ್ರದಲ್ಲಿ ಒಬ್ಬ ಹುಡುಗಿ ಸೋಫಾದ ಮೇಲೆ ಕಾಲು ಮಡಿಚಿ ಕೂತು, ಫೋನು ನೋಡುತ್ತ ನಗುತ್ತಿದ್ದಾಳೆ. ಹಿಂದೆ ದೊಡ್ಡ ಕಿಟಕಿ, ಪಕ್ಕದಲ್ಲಿ ಹೂವಿನ ಕುಂಡ. ಅಷ್ಟು ಚೆನ್ನಾಗಿ ನಗುವ ಹುಡುಗಿಗೆ ಸಮಾಲೋಚನೆ ಏಕೆ ಬೇಕಾಯಿತೋ ತಿಳಿಯದು. ಅವಳ ಅಜ್ಜಿ ಎಲ್ಲಿ ಮಲಗುತ್ತಾರೆ ಎಂಬುದನ್ನೂ ಚಿತ್ರ ಬರೆದವರು ತೋರಿಸಿಲ್ಲ.

ನಮ್ಮದು ಎರಡು ಕೋಣೆಯ ಮನೆ. ನಾನು, ನನ್ನ ಹೆಂಡತಿ, ನನ್ನ ತಾಯಿ, ಹದಿನೈದು ವರ್ಷದ ಮಗಳು. ಕೋಣೆಗಳ ನಡುವೆ ಇರುವುದು ಬಾಗಿಲಲ್ಲ, ಪರದೆ. ಪಕ್ಕದ ಮನೆಯವರು ಸೀನಿದರೆ ನಮ್ಮಮ್ಮ ಕೂತಲ್ಲಿಂದಲೇ ಬಿಸಿನೀರು ಕುಡಿಯಲು ಹೇಳುತ್ತಾರೆ, ಅವರು ಅಲ್ಲಿಂದಲೇ ಆಯಿತು ಎನ್ನುತ್ತಾರೆ. ಇಂಥ ಮನೆಯಲ್ಲಿ ಮನಸ್ಸು ಬಿಚ್ಚುವುದೆಂದರೆ ಇಡೀ ಬೀದಿಗೆ ಬಿಚ್ಚಿದಂತೆ.

ನನ್ನ ಮಗಳು ಯಾರಿಗೂ ತೊಂದರೆ ಕೊಡದ ಮಗು ಎಂದು ಹೆಸರು ಪಡೆದವಳು. ಹೊಸ ಬಟ್ಟೆ ಬೇಕಾ ಎಂದರೆ ಇರೋದೇ ಸಾಕು ಎನ್ನುತ್ತಿದ್ದಳು. ಜ್ವರ ಬಂದರೆ ಮೈ ಮುಟ್ಟಿ ನೋಡಿ ನಾವೇ ಕಂಡುಹಿಡಿಯಬೇಕಿತ್ತು. ಇದ್ದರೆ ಇಂಥ ಮಗಳಿರಬೇಕು ಎಂದು ನೆಂಟರು ಹೊಗಳುತ್ತಿದ್ದರು, ನಾವು ಉಬ್ಬುತ್ತಿದ್ದೆವು. ಹೋದ ವರ್ಷ ಒಂದು ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ಏಳಲು ಆಗುತ್ತಿಲ್ಲ ಎಂದಳಂತೆ. ಕಾಲಿಗೆ ಏನೂ ಆಗಿರಲಿಲ್ಲ. ಆಮೇಲೆ ಊಟ ಬಿಟ್ಟಳು, ಶಾಲೆ ಬಿಟ್ಟಳು, ಕೊನೆಗೆ ಮಾತೂ ಬಿಟ್ಟಳು. ಎಷ್ಟು ಕಾಲದಿಂದ ಒಳಗೊಳಗೇ ಬೇಯುತ್ತಿದ್ದಳೋ, ಒಂದೇ ಸೂರಿನ ಕೆಳಗಿದ್ದ ನಮಗೆ ವಾಸನೆಯೂ ಹತ್ತಲಿಲ್ಲ.

ಶಾಲೆಯ ಟೀಚರೊಬ್ಬರು ಹೇಳಿ ನಿಮ್ಮ ಆಸ್ಪತ್ರೆಗೆ ಕರೆತಂದೆವು. ಎಕ್ಸ್‌ರೇ ವಿಭಾಗ ದಾಟಿದ ಮೇಲೆ, ಕಾರಿಡಾರಿನ ಕೊನೆಯಲ್ಲಿ ಆ ಕೋಣೆ. ಎರಡು ಕುರ್ಚಿ, ಕಟಕಟ ಎನ್ನುವ ಒಂದು ಫ್ಯಾನು, ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುವ ಬಾಗಿಲು. ಚೆಂದವೇನೂ ಇರಲಿಲ್ಲ. ಆದರೆ ಮುಚ್ಚಿದ ಮೇಲೆ ಒಳಗಿನ ಮಾತು ಒಳಗೇ ಇರುತ್ತಿತ್ತು. ಸಮಾಲೋಚಕಿ ನಮ್ಮನ್ನು ಒಮ್ಮೆ ಕೂರಿಸಿಕೊಂಡು ಹೇಳಿದ್ದು ಇಷ್ಟೇ: "ವಾರಕ್ಕೊಂದು ಸಲ ಕರ್ಕೊಂಡು ಬನ್ನಿ, ಕರ್ಕೊಂಡು ಹೋಗಿ. ಏನು ಮಾತಾಡಿದೆ ಅಂತ ಮಾತ್ರ ಕೇಳ್ಬೇಡಿ."

ಕೇಳದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ತಮಗೆ ಗೊತ್ತೇ? ನಾನು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವನು. ಬಾಯಿ ಮುಚ್ಚಿಕೊಂಡಿರುವುದು ನನ್ನ ವೃತ್ತಿಗೇ ಒಗ್ಗದ ವಿಷಯ. ಹೆಂಡತಿ ಬಸ್ಸಿನಲ್ಲಿ ಬರುವಾಗ ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನಮ್ಮಮ್ಮನನ್ನು ಒಪ್ಪಿಸುವುದಂತೂ ದೊಡ್ಡ ರಾಮಾಯಣವಾಯಿತು. "ಬರೀ ಮಾತಾಡೋಕೆ ಆಸ್ಪತ್ರೆಗೆ ಹೋಗ್ಬೇಕಾ? ಮನೇಲಿ ನಾನಿಲ್ವಾ? ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಳ್ಳಲ್ಲ" ಎಂದು ಎರಡು ದಿನ ಮುಖ ತಿರುಗಿಸಿಕೊಂಡರು. ಆಮೇಲೆ ಅವರೂ ಕಲಿತರು. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಮಗಳು ನನ್ನ ಮೇಲೆ ರೇಗಿದಳು: "ನನ್ನ ಬ್ಯಾಗ್ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ಅಪ್ಪ?" ಹುಟ್ಟಿದಾಗಿನಿಂದ ಅವಳು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಬೈಸಿಕೊಂಡು ಇಷ್ಟು ಖುಷಿಪಟ್ಟ ಅಪ್ಪ ಇನ್ನೊಬ್ಬ ಇರಲಾರ. ಮರುವಾರದಿಂದ ಶಾಲೆಗೂ ಹೊರಟಳು.

ಅಷ್ಟರಲ್ಲಿ ತಮ್ಮ ಆಧುನೀಕರಣ ಬಂತು. ಕೋಣೆಯೊಳಗೆ ಈಗ ಮುರಿದ ಮಂಚಗಳನ್ನು ಪೇರಿಸಿ ಬೀಗ ಹಾಕಿದ್ದಾರೆ.

ವಿಡಿಯೊ ಕರೆಯ ಮೊದಲ ಗುರುವಾರ ಮಗಳು ಹೊದಿಕೆಯ ಮುಸುಕೆಳೆದುಕೊಂಡು ಫೋನು ಹಿಡಿದಳು. ಎರಡನೆಯ ವಾರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಕೂತಳು. ನೀರು ಖಾಲಿಯಾಯಿತು ಎಂದು ಮೇಲಿನ ಮನೆಯವರು ಬಾಗಿಲು ಬಡಿದರು. ಕೊನೆಗೆ ನಾವೇ ತೀರ್ಮಾನಿಸಿದೆವು: ಅವಳು ಮಾತನಾಡುವಷ್ಟು ಹೊತ್ತು ನಾವು ಮೂವರೂ ಮನೆಯಿಂದಾಚೆ ಇರುವುದು. ನಮ್ಮಮ್ಮನ ಮಂಡಿ ಕೂತರೆ ಏಳದು, ಎದ್ದರೆ ಕೂರದು. ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿ ಎದುರಿನ ಕ್ಷೌರದಂಗಡಿಯ ಪಕ್ಕ ಹಾಕುತ್ತಿದ್ದೆ. ನಾನೂ ಹೆಂಡತಿಯೂ ಗೋಡೆಗೆ ಒರಗಿ ನಿಲ್ಲುತ್ತಿದ್ದೆವು. ಹೋಗಿಬರುವವರೆಲ್ಲ ಏನಾಯಿತು ಎಂದು ಕೇಳುವವರೇ. ಬೀಗದಕೈ ಕಳೆದುಹೋಗಿದೆ ಎಂದು ಒಂದು ಸುಳ್ಳು ಹೇಳಿದೆ. ಕ್ಷೌರದಂಗಡಿಯವರು ಬಹಳ ಒಳ್ಳೆಯವರು. ನಮಗೆ ಹೇಳದೆಯೇ ಬೀಗ ರಿಪೇರಿಯವನನ್ನು ಕರೆಸಿಬಿಟ್ಟರು. ನಾನು ಓಡಿಹೋಗಿ ತಡೆಯುವಷ್ಟರಲ್ಲಿ ಅವನು ನಮ್ಮ ಬಾಗಿಲ ಮುಂದೆ ಸುತ್ತಿಗೆ ಹಿಡಿದು ಕೂತಿದ್ದ. ಒಳಗೆ ನನ್ನ ಮಗಳು ಯಾವ ಮಾತಿನ ನಡುವೆ ಇದ್ದಳೋ. ನಗಬೇಕೆನಿಸಿದರೆ ನಗಿ, ಆಮೇಲೆ ನಾವೂ ನಕ್ಕೆವು. ಆ ವಾರ ಮಾತ್ರ ನಗು ಬರಲಿಲ್ಲ.

ತಮ್ಮ ಕಚೇರಿಗೂ ಬಂದಿದ್ದೆ. ದೂರುಗಳನ್ನೂ ಈಗ ಆನ್‌ಲೈನಿನಲ್ಲೇ ಕೊಡಬೇಕು ಎಂದರು. ಕೊಟ್ಟೆ. 'ತಮಗಾದ ಅಡಚಣೆಗೆ ವಿಷಾದಿಸುತ್ತೇವೆ' ಎಂದು ಉತ್ತರ ಬಂತು. ಸ್ವಾಮಿ, ಆ ವಾಕ್ಯವನ್ನು ದಿನವಿಡೀ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಅದನ್ನು ಹೇಳುವಾಗ ಯಾರಿಗೂ ವಿಷಾದವಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದಾಯಿತು ಎಂದು ಮನೆಗೆ ಬಂದೆ.

ಹೋದ ಗುರುವಾರ ಗಾಳಿ ಜೋರಾಗಿತ್ತು, ಚಳಿಯಿತ್ತು. ನಮ್ಮಮ್ಮ ಶಾಲು ಹೊದ್ದು ಕೂತು ಕೆಮ್ಮುತ್ತಿದ್ದರು. ಒಳಗೆ ಹೋಗೋಣವೆಂದರೆ ಕೇಳಲಿಲ್ಲ, ಮಗುವಿನ ಮಾತು ಮುಗಿಯಲಿ ಎಂದರು. ಸ್ವಲ್ಪವೇ ಹೊತ್ತಾಗಿತ್ತು, ಮಗಳು ಬಾಗಿಲು ತೆರೆದು ಕೈ ಬೀಸಿ ಕರೆದಳು. ಇಷ್ಟು ಬೇಗ ಹೇಗೆ ಮುಗಿಯಿತು? ಕೇಳಬಾರದು ಎಂದಿದ್ದರೂ ಕೇಳಿಬಿಟ್ಟೆ.

"ಎಲ್ಲಾ ಸರಿಹೋಗಿದೆ, ಇನ್ಮೇಲೆ ಬೇಡ ಅಂತ ಹೇಳ್ದೆ ಅಪ್ಪ," ಎಂದಳು. "ಅಜ್ಜಿ ಕೆಮ್ಮೋದು ಒಳಗಡೆ ಕೇಳಿಸ್ತಿತ್ತು."

ಅಷ್ಟು ಹೇಳಿ ಅಜ್ಜಿಗೆ ನೀರು ಕಾಯಿಸಲು ಹೋದಳು. ನಾನು ಕುರ್ಚಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತೆ.

ಮಾನ್ಯರೇ, ಅವಳ ಕಾಯಿಲೆಯೇ ಅದು. ತನ್ನ ನೋವಿನಿಂದ ಬೇರೆಯವರಿಗೆ ತೊಂದರೆಯಾಗಬಾರದೆಂದು ಎಲ್ಲ ಸರಿಯಿದೆ ಎನ್ನುವುದು. ಅದನ್ನು ಬಿಡಿಸಲು ಆ ಸಮಾಲೋಚಕಿ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತರು, ನಾವು ಮೂವರು ನಾಲಿಗೆ ಕಟ್ಟಿಕೊಂಡೆವು. ತಾವು ಒಂದು ಸುತ್ತೋಲೆಯಲ್ಲಿ ಅದನ್ನು ವಾಪಸು ತಂದಿದ್ದೀರಿ. ತಮ್ಮ ಲೆಕ್ಕದಲ್ಲಿ ಅವಳೀಗ ಗುಣವಾದ ಮಗು. ಹೀಗೆ ಗುಣವಾದವರು ಇನ್ನೆಷ್ಟು ಮನೆಗಳಲ್ಲಿದ್ದಾರೆ, ವಿಚಾರಿಸಿದ್ದೀರಾ? ಮನೆಯವರು ಮಕ್ಕಳಿಗೆ ಆಸರೆಯಾಗಿರಬೇಕೆಂದು ಭಾಷಣ ಮಾಡುತ್ತೀರಿ. ಆಗಿದ್ದೆವು. ಆಸರೆಯಾಗಲು ಹೋಗಿ ನಾವೇ ಅವಳಿಗೆ ಭಾರವಾದೆವು. ಇದಕ್ಕೆ ಯಾರನ್ನು ಬೈಯಬೇಕೋ ತಿಳಿಯುತ್ತಿಲ್ಲ, ಬೈಯುವ ತ್ರಾಣವೂ ಉಳಿದಿಲ್ಲ.

ನನಗೆ ಬೇಕಾದದ್ದು ಒಂದು ಕೋಣೆ. ಮಂಚಗಳನ್ನು ಬೇರೆಲ್ಲಾದರೂ ಹಾಕಿಸಿ. ಸಮಾಲೋಚಕಿಯನ್ನು ಮತ್ತೆ ಅಲ್ಲಿ ಕೂರಿಸಿ. ವಿಡಿಯೊ ಬೇಕಾದವರಿಗೆ ವಿಡಿಯೊ ಇರಲಿ, ಬಾಗಿಲು ಬೇಕಾದವರಿಗೆ ಬಾಗಿಲು ಕೊಡಿ.

ಬರುವ ಗುರುವಾರ ಸಂಜೆ ನಾನು ಮಗಳನ್ನು ಕರೆದುಕೊಂಡು ಆಸ್ಪತ್ರೆಯ ಆ ಕಾರಿಡಾರಿಗೆ ಬರುತ್ತೇನೆ. ಬರುತ್ತೀಯಾ ಎಂದು ನಿನ್ನೆ ಅವಳನ್ನು ಕೇಳಿದೆ. "ನಿನಗೆ ಸಮಾಧಾನ ಆಗೋದಾದ್ರೆ ಬರ್ತೀನಿ ಅಪ್ಪ" ಎಂದಳು. ನೋಡಿ, ಅದಕ್ಕೂ ನನಗೋಸ್ಕರವೇ ಒಪ್ಪಿಕೊಂಡಳು. ಅವಳು ತನಗೋಸ್ಕರ ಬರುವ ದಿನದವರೆಗಾದರೂ ಆ ಬೀಗ ತೆಗೆದಿಡಿ.

ಇಂತಿ,
ತೊಂದರೆ ಕೊಡದ ಮಗಳನ್ನು ಪಡೆದೆನೆಂದು ಒಂದು ಕಾಲದಲ್ಲಿ ಬೀಗುತ್ತಿದ್ದ
ಒಬ್ಬ ಅಪ್ಪ