ಮಿಂಗೆಲಜ್ಜ, ಆ ಹಗ್ಗ ಕಡಿಯಬೇಡಿ

ಗುಡ್ಡೆದಕ್ಕೆ,
ಡಿಸೆಂಬರ್ ನಲವತ್ತೊಂದು, ಎರಡು ಸಾವಿರದ ನೂರ ಎಂಬತ್ತಾರು.

ಪೂಜ್ಯ ಮಿಂಗೆಲಜ್ಜನಿಗೆ ಅಪೊಲಿನ್ ರೆಬೆಲ್ಲೊ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಡಿಸೆಂಬರಿಗೆ ಮೂವತ್ತೊಂದೇ ದಿನ ಎಂದು ನನಗೂ ಗೊತ್ತು. ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು. ಈ ಪತ್ರ ಕೈಸೇರುವಾಗ ನಿಮಗೆ ಇಪ್ಪತ್ತೆಂಟು ವರ್ಷ, ನನಗೆ ಐವತ್ತೆಂಟು. ಹುಡುಗನೊಬ್ಬನನ್ನು ಅಜ್ಜ ಎಂದು ಕರೆಯುವುದು ತಮಾಷೆಯೇ, ಆದರೆ ಸಂಬಂಧ ಸಂಬಂಧವೇ. ನಮ್ಮ ಕೆಲವು ಮಾತುಗಳು ನಿಮಗೆ ಹೊಸತು ಎನಿಸಬಹುದು, ಕ್ಷಮಿಸಿ. ಇಲ್ಲಿ ಕೇಳಬೇಕಾದವರನ್ನೆಲ್ಲ ಕೇಳಿ ಮುಗಿಯಿತು. ದೇವರನ್ನು ಕೇಳಿದೆ, ಊರ ಯಜಮಾನರಾದ ಗುರಿಕಾರರನ್ನು ಕೇಳಿದೆ, ಗಾಳಿಯನ್ನೂ ಕೇಳಿದೆ. ಇನ್ನು ಉಳಿದವರು ಹಿಂದಿನವರು ಮಾತ್ರ.

ನೀವು ದನ ಮೇಯಿಸಲು ಬಿಡುತ್ತಿದ್ದ ಗುಡ್ಡೆಯ ಬುಡದವರೆಗೆ ಈಗ ಸಮುದ್ರ ಬಂದಿದೆ. ಅಲ್ಲಿಯೇ ನಮ್ಮ ದಕ್ಕೆ, ಅಂದರೆ ದೋಣಿ ಕಟ್ಟುವ, ಮೀನು ಇಳಿಸುವ ಕಟ್ಟೆ. ಮುನ್ನೂರು ಮನೆಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಕೂತಿವೆ. ಬೆಳಿಗ್ಗೆ ಹೆಂಗಸರು ಮೀನು ಆರಿಸುತ್ತೇವೆ, ಒಳ್ಳೆಯದನ್ನು ಘಟ್ಟದ ಕಡೆಯವರಿಗೆ ಕೊಟ್ಟು ಅಕ್ಕಿ ತರುತ್ತೇವೆ, ಉಳಿದದ್ದನ್ನು ಒಣಗಿಸುತ್ತೇವೆ. ದೋಣಿ ಓಡುವುದು ಬಿಸಿಲುಯಂತ್ರದಲ್ಲಿ. ಅದು ಬಿಸಿಲು ಕುಡಿದು ತಿರುಗುವ ಇಂಜಿನ್, ಮೋಡ ಕವಿದರೆ ಮುನಿಸಿಕೊಂಡು ಕೂರುತ್ತದೆ. ಡಿಸೆಂಬರ್ ಹುಟ್ಟಿದರೆ ನಮ್ಮಲ್ಲೂ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಮಾಡುವ ಗಲಾಟೆ. ಕಿಡಿಯೊ, ನೆವ್ರಿಯೊ, ಗುಳಿಯೊ ಎಲ್ಲವೂ ಇವೆ, ಹಿಟ್ಟು ಮಾತ್ರ ಪಾಚಿಯದು. ಹಸಿರು ಕಿಡಿಯೊ ನೋಡಿದರೆ ನಿಮ್ಮ ಹೆಂಡತಿ ಮೂಗು ಮುರಿಯುತ್ತಿದ್ದರು. ಮೊಗವೀರರ ಮನೆಗೂ ಬ್ಯಾರಿಗಳ ಮನೆಗೂ ತಟ್ಟೆ ಹೋಗುತ್ತದೆ, ನಕ್ಷತ್ರದ ದೀಪವನ್ನು ಎಲ್ಲರೂ ತೂಗುಹಾಕುತ್ತಾರೆ.

ಇನ್ನು ತಾರೀಕಿನ ವಿಷಯ. ನಮ್ಮ ದಕ್ಕೆಯಲ್ಲಿ ಹಬ್ಬ ದೋಣಿಗಾಗಿ ಕಾಯುತ್ತದೆ, ದೋಣಿ ಹಬ್ಬಕ್ಕಾಗಿ ಓಡಿ ಬರಬಾರದು. ಹಿಂದೆ ಹಾಗೆ ಅವಸರ ಮಾಡಿ ಮೂರು ದೋಣಿ ಮುಳುಗಿದ ಮೇಲೆ ಹಿರಿಯರು ಮಾಡಿದ ಕಟ್ಟಳೆ ಇದು. ಕಡೆಯ ದೋಣಿ ಬರುವವರೆಗೆ ಡಿಸೆಂಬರ್ ಮುಗಿಯುವುದಿಲ್ಲ, ಮೂವತ್ತೆರಡು, ಮೂವತ್ತಮೂರು ಎಂದು ಮುಂದುವರಿಯುತ್ತದೆ. ಈ ಹೆಚ್ಚಿನ ದಿನಗಳಿಗೆ ಕಾಯುದಿನ ಎನ್ನುತ್ತೇವೆ. ಇಪ್ಪತ್ತನಾಲ್ಕರಿಂದ ಹಿಡಿದು ಕಡೆಯ ದೋಣಿ ಬರುವವರೆಗೆ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವುದಿಲ್ಲ, ಕುಸ್ವಾರಿನ ಡಬ್ಬ ತೆರೆಯುವುದಿಲ್ಲ, ಹುಡುಕಲು ಹೋಗುವ ದೋಣಿ ಬಿಟ್ಟರೆ ಬೇರೆ ಯಾವ ದೋಣಿಯೂ ನೀರಿಗಿಳಿಯುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಎಲ್ಲರೂ ಬಂದುಬಿಡುತ್ತಾರೆ. ನಲವತ್ತೊಂದನ್ನು ನಾನು ನೋಡಿರಲಿಲ್ಲ, ನನ್ನ ತಾಯಿಯೂ ನೋಡಿರಲಿಲ್ಲ.

ನನ್ನ ಮಗಳು ನತಾಲಿಯಾ, ಮನೆಯಲ್ಲಿ ಕರೆಯುವುದು ನತ್ತು ಎಂದು, ಇಪ್ಪತ್ತನೆಯ ತಾರೀಕು ಹೋದವಳು. ಐವರು ಗಂಡಸರ ದೋಣಿಗೆ ಅವಳೇ ತಾಂಡೇಲ, ಚುಕ್ಕಾಣಿ ಅವಳದೇ. ಇಪ್ಪತ್ತಮೂರರ ಮಧ್ಯಾಹ್ನ ವಯರ್‌ಲೆಸ್ಸಿನಲ್ಲಿ ಮಾತನಾಡಿದಳು. "ಅಮ್ಮ, ಬಲೆಕಾಡಿಗೆ ಸಿಕ್ಕಿದ್ದೇವೆ. ದೋಣಿಯಡಿಯ ಫ್ಯಾನಿಗೆ ಬಲೆ ಸುತ್ತಿದೆ, ಕೊಯ್ತಾ ಇದ್ದೇವೆ. ನೀನು ಹೆದರುದು ಬೇಡ. ಬಂದ ಮೇಲೆ ಡಬ್ಬ ತೆರೆಯುವ." ಆಮೇಲೆ ಗಾಳಿ ಎದ್ದಿತು. ಅಷ್ಟೇ. ದೋಣಿಯಲ್ಲಿ ಹದಿನೈದು ದಿನದ ನೀರಿತ್ತು. ಅರ್ಧರ್ಧ ಕುಡಿದರೆ ಮೂವತ್ತು ದಿನ ಬರುತ್ತದೆ ಎಂದು ನಾನು ದಿನವೂ ನನಗೇ ಹೇಳಿಕೊಳ್ಳುತ್ತೇನೆ. ನತ್ತು ಚಿಕ್ಕಂದಿನಿಂದ ನೀರು ಜಾಸ್ತಿ ಕುಡಿಯುವವಳು.

ಬಲೆಕಾಡು ಎಂದರೆ ಏನೆಂದು ಹೇಳುತ್ತೇನೆ, ಸಿಟ್ಟು ಮಾಡಬೇಡಿ. ನಿಮ್ಮ ಕಾಲದವರು ಸಮುದ್ರದಲ್ಲಿ ಬಿಟ್ಟುಬಂದ ಬಲೆಗಳು ಸಾಯಲಿಲ್ಲ. ನೈಲಾನಿಗೆ ಸಾವಿಲ್ಲ. ಅವು ಒಂದಕ್ಕೊಂದು ತೊಡರಿಕೊಂಡು ದಕ್ಕೆಯಿಂದ ನಲವತ್ತು ಮೈಲಿ ಆಚೆ ನೀರಿನಡಿ ಕಾಡಾಗಿ ನಿಂತಿವೆ. ಗಾಳಿ ಬಂದಾಗ ಕಾಡು ಜಾಗ ಬದಲಿಸುತ್ತದೆ, ಆದ್ದರಿಂದ ಗುರುತು ಹಾಕಿಡಲೂ ಆಗುವುದಿಲ್ಲ. ಮಗಳನ್ನು ಹುಡುಕಲು ಹೋದ ದೋಣಿಗಳು ಎರಡು ಸಲವೂ ಅದರ ಅಂಚಿನಲ್ಲೇ ಸಿಕ್ಕಿಹಾಕಿಕೊಂಡು, ಜೀವ ಉಳಿಸಿಕೊಂಡು ವಾಪಸು ಬಂದವು. ಮೂರನೆಯ ಸಲ ಹೋಗಿ ಎಂದು ಯಾವ ಬಾಯಿಯಲ್ಲಿ ಹೇಳಲಿ?

ಈಗ ನಿಮ್ಮ ಕಥೆಗೆ ಬರುತ್ತೇನೆ. ಅದನ್ನು ನೀವೇ ಮೊಮ್ಮಗಳಿಗೆ, ಅಂದರೆ ನನ್ನ ಅಜ್ಜಿಗೆ, ಪ್ರತಿ ಕ್ರಿಸ್ಮಸ್ಸಿಗೂ ಹೇಳುತ್ತಿದ್ದಿರಂತೆ. ಮದುವೆಯಾದ ಮೊದಲ ವರ್ಷ, ಡಿಸೆಂಬರ್ ಇಪ್ಪತ್ತನಾಲ್ಕು, ಬಲೆ ಕಲ್ಲಿಗೆ ಸಿಕ್ಕಿತು. ಬಿಡಿಸಲು ಕೂತರೆ ಇಡೀ ದಿನ ಬೇಕು. ಮನೆಯಲ್ಲಿ ಹೊಸ ಹೆಂಡತಿ, ಇಗರ್ಜಿಯಲ್ಲಿ ಪೂಜೆ. ನೀವು ಕತ್ತಿ ತೆಗೆದು ಹಗ್ಗ ಕಡಿದಿರಿ, ಒದ್ದೆ ಬಟ್ಟೆಯಲ್ಲೇ ಓಡಿಬಂದು ಪೂಜೆಗೆ ನಿಂತಿರಿ, ಮೀನಿನ ವಾಸನೆಗೆ ಪಕ್ಕದವರೆಲ್ಲ ಬೆಂಚು ಬಿಟ್ಟು ಎದ್ದರು. ಅಜ್ಜಿ ಅದನ್ನು ಅಭಿನಯ ಮಾಡಿ ತೋರಿಸುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಾನು ನತ್ತುವಿಗೂ ಅದನ್ನೇ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕವಳು. ಆ ಬಲೆ ಆಮೇಲೆ ಎಲ್ಲಿ ಹೋಯಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ, ಅಜ್ಜ. ನೂರಾರು ವರ್ಷ ಮೀನು ಹಿಡಿದವರ ಮನೆತನ ನಮ್ಮದು, ಆದರೂ ಒಬ್ಬರೂ ಕೇಳಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮಲ್ಲಿ ಮಾಡಿದವರು ಒಬ್ಬರು, ಉಣ್ಣುವವಳು ಇನ್ನೊಬ್ಬಳು.

ಒಂದು ಬಲೆಯಿಂದ ಕಾಡು ಆಗುವುದಿಲ್ಲ, ಅದು ನನಗೂ ಗೊತ್ತು. ಮಗಳ ದೋಣಿಗೆ ಸುತ್ತಿದ್ದು ನಿಮ್ಮದೇ ಎಂದು ನಾನು ಆಣೆ ಹಾಕಲಾರೆ. ಆದರೆ ಕಡಿದವರಲ್ಲಿ ನನಗೆ ಹೆಸರು ಗೊತ್ತಿರುವುದು ನಿಮ್ಮದೊಂದೇ.

ದೋಣಿ ಬಾರದೆಯೇ ಗಂಟೆ ಹೊಡೆದು ಡಿಸೆಂಬರ್ ಮುಗಿಸಬೇಕಾದರೆ ಸಮುದ್ರದಲ್ಲಿರುವ ಪ್ರತಿಯೊಬ್ಬರ ಮನೆಯವರೂ ಹೂಂ ಎನ್ನಬೇಕು. ಐದು ಮನೆಯವರು ಹೇಳಿದ್ದಾರೆ. ಎಲ್ಲರಿಗಿಂತ ಮೊದಲು ಹೇಳಿದವರು ಗುರಿಕಾರರಾದ ಸೋಮಪ್ಪ ತಿಂಗಳಾಯರು, ಅವರ ಮಗನೂ ಅದೇ ದೋಣಿಯಲ್ಲಿದ್ದಾನೆ. ಉಳಿದವಳು ನಾನೊಬ್ಬಳೇ. ನಿನ್ನೆ ಅವರು ಬಾಗಿಲಲ್ಲಿ ನಿಂತು, "ಬಾಯಮ್ಮ, ನಾನೆಂತ ಹೇಳುದು? ನಂದೂ ಮಗನೇ ಅಲ್ವಾ. ಆದರೆ ಮುನ್ನೂರು ಒಲೆ ಉಂಟು. ನೀವು ಹೂಂ ಹೇಳದೆ ನಾನು ಗಂಟೆ ಹೊಡೆಸುದಿಲ್ಲ" ಎಂದರು. ನಾನು ಬಾಗಿಲು ಹಾಕಿದೆ. ಹದಿನೇಳು ದಿನದಿಂದ ದಕ್ಕೆಗೆ ಮೀನು ಬಂದಿಲ್ಲ, ಮೀನಿಲ್ಲದೆ ಅಕ್ಕಿ ಇಲ್ಲ. ಒಣಮೀನೂ ಮುಗಿದಿದೆ. ಯಾರೂ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಜಗಳವಾಡಿ ಇನ್ನೂ ನಾಲ್ಕು ದಿನ ತಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಕೆಳಮನೆಯ ಗುಲಾಬಿ ಬಂದಳು. ಆರು ತಿಂಗಳ ಬಸುರಿ. "ನನಗೆ ಎಂತ ಬೇಡ ಬಾಯಮ್ಮ, ಸುಮ್ಮನೆ ಕೂತುಕೊಳ್ಳುವ ಅಂತ ಬಂದದ್ದು" ಎಂದು ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಏಳುವಾಗ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದಳು. ನಾನು ಯೋಚಿಸಲಿಲ್ಲ. ಓಡಿಹೋಗಿ ಡಬ್ಬದ ಮುಚ್ಚಳ ತೆಗೆದು, ಒಂದು ಹಿಡಿ ಕಿಡಿಯೊ ಅವಳ ಕೈಗೆ ಹಾಕಿದೆ. ಅವಳು ತಿನ್ನಲಿಲ್ಲ. ನನ್ನ ಮುಖ ನೋಡಿ ಜೋರಾಗಿ ಅಳತೊಡಗಿದಳು. ಆಗ ನನಗೆ ನಾನು ಮಾಡಿದ್ದು ಏನೆಂದು ತಿಳಿಯಿತು. ಡಬ್ಬ ತೆರೆದ ಮೇಲೆ ಬಾಯಿಬಿಟ್ಟು ಹೇಳುವುದು ಏನು ಉಳಿಯಿತು? ತಿನ್ನು ಮಗಾ ಎಂದು ನಾನೇ ಅವಳ ಬಾಯಿಗಿಟ್ಟೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಹಗ್ಗ ಕಡಿಯಬೇಡಿ. ಕೂತು ಬಿಡಿಸಿ, ಎರಡು ದಿನವಾದರೂ ಸರಿ. ಪೂಜೆ ತಪ್ಪಿದರೆ ತಪ್ಪಲಿ, ದೇವರು ಮುನಿಯುವುದಿಲ್ಲ. ಹೆಂಡತಿ ಮುನಿಯುತ್ತಾಳೆ, ಮುನಿಯಲಿ, ಹೊಸತರಲ್ಲಿ ಅದೂ ಚಂದವೇ. ಪಕ್ಕದ ದೋಣಿಯವರು ನಕ್ಕರೆ, ನನ್ನ ಮೊಮ್ಮಗಳು ಹೇಳಿದ್ದಾಳೆ ಎನ್ನಿ.

ನಾನು ಈಗ ಕೆಳಗೆ ಹೋಗಿ ಗುರಿಕಾರರಿಗೆ ಹೂಂ ಎನ್ನಬೇಕು. ಅವರು ಗಂಟೆ ಹೊಡೆಸುತ್ತಾರೆ. ದೋಣಿಗಳು ಹೊರಡುತ್ತವೆ, ಒಲೆಗಳು ಉರಿಯುತ್ತವೆ, ನನ್ನ ನತ್ತು ಸತ್ತವಳಾಗುತ್ತಾಳೆ. ಮನೆಯಿಂದ ದಕ್ಕೆಗೆ ನೂರ ಹನ್ನೆರಡು ಮೆಟ್ಟಿಲು. ನನಗೆ ಮೊಣಕಾಲು ನೋವು, ನಿಧಾನವಾಗಿಯೇ ಇಳಿಯುತ್ತೇನೆ. ನಾನು ಕೆಳಗೆ ಮುಟ್ಟುವುದರೊಳಗೆ ಕತ್ತಿ ಕೆಳಗಿಡಿ, ಅಜ್ಜ.