ಮೆಟ್ಟಿಲು ಬೈದ ದಿನ

ನವೆಂಬರ್ ೯, ಸೋಮವಾರ

ನಗು ಇನ್ನೂ ನಿಂತಿಲ್ಲ, ಅಕ್ಷರ ಸೊಟ್ಟಗಾಗ್ತಿದೆ. ನಮ್ಮ ಘನ ಮಾಂತ್ರಿಕ ಮನೆತನದಲ್ಲಿ ವರ್ಷಕ್ಕೊಮ್ಮೆ ಹುಚ್ಚಿನ ಪರೀಕ್ಷೆ: "ಮೆಟ್ಟಿಲು ಮಾತಾಡೋದು ಕೇಳ್ಸುತ್ತಾ?" ಹೌದು ಅಂದವರ ಮಂತ್ರದಂಡ ಬೀರು ಸೇರುತ್ತೆ. ಮೂವತ್ತು ವರ್ಷದ ಹಿಂದೆ ಅಜ್ಜಿ ಹೌದು ಅಂದಿದ್ದಳು. ನನಗೂ ಕೇಳುತ್ತೆ, ಇವತ್ತೂ ಸುಳ್ಳು ಹೇಳೋಕೆ ಎದೆ ಗಟ್ಟಿ ಮಾಡ್ಕೊಂಡು ನಿಂತಿದ್ದೆ. ಪರೀಕ್ಷೆ ಮಾಡೋ ದೊಡ್ಡತ್ತೆ ಗತ್ತಿನಿಂದ ಇಳಿದು ಬರ್ತಿದ್ರು.

"ಮೆಲ್ಲಗೆ ಕಾಲಿಡೇ, ನನ್ನ ಸೊಂಟ ಮುರೀತು!" ಅಂತು ಮೂರನೇ ಮೆಟ್ಟಿಲು.

"ಅಯ್ಯೋ, ನೋವಾಯ್ತಾ?" ಅಂದುಬಿಟ್ರು ಅತ್ತೆ.

ಚಿಕ್ಕಪ್ಪ ಕಿಸಕ್ಕಂದ. ಅವನಿಗೂ ಕೇಳಿಸಿತ್ತು! ಸುತ್ತ ನಿಂತವರೆಲ್ಲ ಗೊಳ್ಳಂದ್ರು. ಎಲ್ಲರಿಗೂ ಕೇಳಿಸಿತ್ತು!

ಅತ್ತೆಯೇ ಬೀರು ತೆಗೆದು ಅಜ್ಜಿಗೆ ಅವಳ ಮಂತ್ರದಂಡ ವಾಪಸ್ ಕೊಟ್ರು.

"ನಿಮಗೆಲ್ಲ ಕೇಳ್ಸುತ್ತೆ ಅಂತ ಮೆಟ್ಟಿಲು ಆವತ್ತೇ ಹೇಳಿತ್ತು," ಅಂದಳು ಅಜ್ಜಿ. "ನಾನು ಬಾಯಿಬಿಟ್ಟಿದ್ರೆ ಎಲ್ಲರ ದಂಡವೂ ಹೋಗ್ತಿತ್ತಲ್ಲ."

ಹೊರಗೆ ಅವಳಿನ್ನೂ ನಗ್ತಿದ್ದಾಳೆ. ಮೆಟ್ಟಿಲೂ. ನಾನೂ ಹೋಗಿ ಅಲ್ಲೇ ಕೂತು ನಗ್ತೀನಿ.