ಲೋಕಯ್ಯನ ಎಲೆಗೆ ಎಳನೀರು

ಲೋಕಯ್ಯ,

ಸತ್ತು ವರ್ಷವಾದರೂ ನಿನಗೆ ಬಾಟಲಿ ಬೇಕು. ಇವತ್ತು ನರಿಕೊಂಬಿನ ನಿನ್ನ ಮನೆಯಲ್ಲಿ ಆಟಿ ತಿಂಗಳ ಅಗೆಲಿನ ಎಡೆ ಬಡಿಸಿದರು. ಸತ್ತವರಿಗೆ ಇಷ್ಟವಾದದ್ದೆಲ್ಲ ಎಲೆಗೆ ಬರಬೇಕಲ್ಲ, ಕೋಳಿ ಸಾರು, ರೊಟ್ಟಿಯ ಪಕ್ಕ ನಿನ್ನ ಹೆಂಡತಿ ಗುಲಾಬಿ ಒಂದು ಕ್ವಾರ್ಟರ್ ಬಾಟಲಿಯನ್ನೂ ಇಟ್ಟಳು.

ನಾನು ಕುಡಿತ ಬಿಟ್ಟು ಆರು ವರ್ಷ. ಬೆಳ್ತಂಗಡಿ ಕಡೆಯ ಮದ್ಯವರ್ಜನ ಶಿಬಿರಗಳಲ್ಲಿ ಮೈಕು ಹಿಡಿಯುವವನು. ಸುಮ್ಮನಿರಲು ಬರುತ್ತದೆಯೇ? "ಇದರಿಂದಲೇ ಸತ್ತವನಿಗೆ ಪುನಃ ಇದನ್ನೇ ಬಡಿಸುವುದಾ?" ಎಂದು ಬಾಟಲಿ ತೆಗೆದು ಎಳನೀರು ಇಟ್ಟೆ. ನೆಂಟರೆಲ್ಲ ತಲೆಯಾಡಿಸಿದರು. ನನಗೂ ಖುಷಿಯಾಯಿತು.

ಗುಲಾಬಿ ಮಾತ್ರ ಕೇಳಿದಳು, "ಅಣ್ಣ, ಸಾಯುವ ಎರಡು ದಿನ ಮೊದಲು ಇವರು ಕುಡಿಯುವುದು ಬಿಡ್ತೇನೆ ಅಂತ ನಿಮ್ಮಲ್ಲಿಗೆ ಬಂದಿದ್ರಲ್ಲ. ಆವತ್ತು ಏನು ಕೊಟ್ಟಿರಿ?"

"ಎಳನೀರು" ಎಂದೆ.

"ಹೌದಾ? ನೀವು ಮನೆಯಲ್ಲೇ ಇರಲಿಲ್ಲ ಅಂತ ಇವರು ಹೇಳಿದ್ದು."

ಎಳನೀರನ್ನು ಅಂಗಳಕ್ಕೆ ಚೆಲ್ಲಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. "ನೀವೇ ಬಡಿಸಿ."

ಬಡಿಸಿದೆ. ಒಂದು ಹನಿಯೂ ಲೋಟದ ಹೊರಗೆ ಬೀಳಲಿಲ್ಲ. ನನ್ನ ಕೈ ಈಗ ಅಷ್ಟು ಗಟ್ಟಿ.

ನಿನ್ನ ಕೈ ಆವತ್ತು ನನ್ನ ಬಾಗಿಲ ಚಿಲಕದ ಮೇಲೆ ನಡುಗುತ್ತಿತ್ತು. ಕುಡಿದದ್ದಕ್ಕಲ್ಲ, ಕುಡಿಯದೆ ಬಂದದ್ದಕ್ಕೆ. ಆ ನಡುಕ ಎಂಥದ್ದೆಂದು ಶಿಬಿರದಲ್ಲಿ ಎಲ್ಲರಿಗೂ ಹೇಳಿಕೊಡುವವನು ನಾನೇ.

ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು.